ಮಂಚದ ಮೇಲಿಂದ ಕಾಣುವ ಗೋಡೆ

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಅಮ್ಮನ ಮಂಚದ ಎದುರು ಗೋಡೆಗೆ ಯಾವುದೋ ಔಷಧಿ ಕಂಪನಿಯವರು ಕೊಟ್ಟ ಪೋಸ್ಟರ್ ಅಂಟಿಸಿದ್ದರು. ರಕ್ತನಾಳವನ್ನು ಉದ್ದಕ್ಕೆ ಸೀಳಿ ತೋರಿಸಿದ ಚಿತ್ರ. ಒಳಗೆ ಹಳದಿ ಕೊಬ್ಬು ಗಡ್ಡೆ ಗಡ್ಡೆಯಾಗಿ ಕೂತಿದೆ, ನಡುವೆ ಒಂದು ಸಣ್ಣ ತೂತು ಮಾತ್ರ ಉಳಿದಿದೆ. ಅಮ್ಮನಿಗೆ ಹೃದಯದ ತೊಂದರೆ ಏನೂ ಇರಲಿಲ್ಲ. ಆದರೂ ಎರಡನೇ ರಾತ್ರಿ, 'ನನಗೂ ಒಳಗೆ ಹಂಗೇ ಆಗಿರಬೌದಾ?' ಅಂತ ಕೇಳಿದರು. ಮೂರನೇ ರಾತ್ರಿ, 'ಅದರ ಮೇಲೆ ಒಂದು ಟವೆಲ್ ಹಾಕೋ' ಅಂದರು. ಹಾಕಿದೆ. ಬೆಳಿಗ್ಗೆ ಸಿಸ್ಟರ್ ಬಂದು ತೆಗೆದರು, ಡಾಕ್ಟರ್ ರೌಂಡ್ಸ್‌ಗೆ ಬರುವ ಹೊತ್ತು. ರಾತ್ರಿ ಮತ್ತೆ ಹಾಕಿದೆ.

ಆಸ್ಪತ್ರೆಗಳಲ್ಲಿ ಚಿತ್ರಪ್ರದರ್ಶನ ಇಡಬೇಕು ಅನ್ನುವ ಮಾತು ಬಂದಾಗಲೆಲ್ಲ ನನಗೆ ಆ ಟವೆಲ್ ನೆನಪಾಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರ ಗ್ಯಾಲರಿಗೆ ಹೋದರೆ ನಾವು ಟಿಕೆಟ್ ತೆಗೆದುಕೊಂಡು, ಮನಸ್ಸು ಮಾಡಿ ಒಳಗೆ ಹೋಗಿರುತ್ತೇವೆ. ಒಂದು ಚಿತ್ರ ಹಿಡಿಸದಿದ್ದರೆ ಮುಂದಕ್ಕೆ ಹೆಜ್ಜೆ ಹಾಕಿದರಾಯಿತು. ವಾರ್ಡಿನಲ್ಲಿ ಮಲಗಿದವರು ಚಿತ್ರ ನೋಡಲು ಬಂದವರಲ್ಲ. ಹಿಡಿಸದಿದ್ದರೆ ಎದ್ದು ಹೋಗುವ ಹಾಗೂ ಇಲ್ಲ. ಕಣ್ಣು ಬಿಟ್ಟರೆ ಅದು, ಮುಚ್ಚಿ ಮತ್ತೆ ಬಿಟ್ಟರೂ ಅದೇ. ಎಂಥ ಚಿತ್ರ, ಎಷ್ಟು ಎತ್ತರ, ಯಾವ ಸಾಮಾನಿನದು, ಎಷ್ಟು ದಿನಕ್ಕೆ ಬದಲಾಯಿಸಬೇಕು ಅನ್ನುವುದೆಲ್ಲ ಈ ಒಂದು ವಿಷಯದಿಂದಲೇ ಹೊರಡುತ್ತದೆ.

ಇನ್ನೊಂದು ಮಾತು. ಆಸ್ಪತ್ರೆ ಗೋಡೆ ಈಗ ಖಾಲಿ ಇದೆ ಅಂದುಕೊಳ್ಳಬೇಡಿ. ಬೆರಳು ತುಟಿಗಿಟ್ಟು 'ಶ್' ಅನ್ನುವ ಮಗುವಿನ ಪಟ ನಿಮಗೂ ಗೊತ್ತು. ಲಸಿಕೆ ಪಟ್ಟಿ, ಕೈ ತೊಳೆಯುವ ವಿಧಾನ, ಫ್ಯಾನ್ ಕೊಟ್ಟ ದಾನಿಗಳ ಹೆಸರು, ಯಾವಾಗಲೋ ಮುಗಿದ ಶಿಬಿರದ ಫ್ಲೆಕ್ಸ್, ಇವೆಲ್ಲ ಇದ್ದೇ ಇರುತ್ತವೆ. ಮೆಟ್ಟಿಲ ಮೂಲೆಗಳಲ್ಲಂತೂ ಗಣಪತಿ, ಏಸು, ಮೆಕ್ಕಾ ಮೂರೂ ಸಾಲಾಗಿ ಇರುವ ಟೈಲ್ಸ್. ಅವು ಭಕ್ತಿಗೆ ಹಾಕಿದ್ದಲ್ಲ, ಎಲೆ ಅಡಿಕೆ ಉಗಿಯದಿರಲಿ ಅಂತ ಹಾಕಿದ್ದು. ಕೆಲಸ ಮಾಡುತ್ತದೆ ಕೂಡ. ಗೋಡೆಯ ಮೇಲಿನ ಚಿತ್ರ ಮನುಷ್ಯರನ್ನು ಬದಲಾಯಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ!

ಇದು ಹೊಸ ಯೋಚನೆಯೂ ಅಲ್ಲ. ನರ್ಸಿಂಗ್ ಬಗ್ಗೆ ಫ್ಲಾರೆನ್ಸ್ ನೈಟಿಂಗೇಲ್ 1859ರ ಹೊತ್ತಿಗೇ ಬರೆದಿದ್ದಾರೆ. ಜ್ವರದಲ್ಲಿ ಮಲಗಿದವರಿಗೆ ಕಿಟಕಿ ಕಾಣದೆ, ಎದುರಿನ ಹಲಗೆಯ ಗಂಟುಗಳನ್ನೇ ದಿನವಿಡೀ ನೋಡಬೇಕಾಗಿ ಬಂದರೆ ಎಷ್ಟು ಹಿಂಸೆಯಾಗುತ್ತದೆ ಅಂತ ಅವರು ಕಣ್ಣಾರೆ ಕಂಡು ಹೇಳುತ್ತಾರೆ. ಒಂದು ಗೊಂಚಲು ಬಣ್ಣದ ಹೂವು ಕಂಡು ರೋಗಿಗಳು ಹಿಗ್ಗಿದ್ದನ್ನೂ ಹೇಳುತ್ತಾರೆ.

ಅದಕ್ಕೂ ಹಿಂದೆ, 1730ರ ದಶಕದಲ್ಲಿ, ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಗೆ ಅಲ್ಲಿನ ಚಿತ್ರಕಾರ ವಿಲಿಯಂ ಹೋಗಾರ್ತ್ ಎರಡು ದೊಡ್ಡ ಚಿತ್ರ ಬರೆದುಕೊಟ್ಟ. ಇಟಲಿಯ ಚಿತ್ರಕಾರನೊಬ್ಬನಿಗೆ ಆ ಕೆಲಸ ಹೋಗುವುದರಲ್ಲಿತ್ತು. ನಾನು ಬಿಟ್ಟಿಯಾಗಿ ಮಾಡುತ್ತೇನೆ ಅಂತ ಇವನು ಮುಂದೆ ಬಂದ. ಆದರೆ ಚಿತ್ರ ಇರುವುದು ಎಲ್ಲಿ? ದೊಡ್ಡ ಸಭಾಂಗಣಕ್ಕೆ ಹತ್ತುವ ಮೆಟ್ಟಿಲ ಪಕ್ಕ. ಅಲ್ಲಿ ಓಡಾಡುವವರು ಆಡಳಿತದವರು, ದಾನಿಗಳು. ಇವತ್ತಿಗೂ ಹೊಸ ಆಸ್ಪತ್ರೆಗಳಲ್ಲಿ ದುಬಾರಿ ಪೇಂಟಿಂಗ್ ಇರುವುದು ರಿಸೆಪ್ಷನ್ ಹಿಂದೆ, ವಾರ್ಡಿನಲ್ಲಿ ಅಲ್ಲ. ಮುನ್ನೂರು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ.

ನೇರವಾಗಿ ರೋಗಿಗಳಿಗೇ ಬರೆದ ಚಿತ್ರವೂ ಇದೆ. 1512ರಿಂದ 1516ರ ನಡುವೆ ಗ್ರೂನೆವಾಲ್ಡ್ ಅನ್ನುವ ಚಿತ್ರಕಾರ ಈಗಿನ ಫ್ರಾನ್ಸಿನ ಈಸನ್‌ಹೈಮ್‌ನ ಮಠಕ್ಕೆ ಬರೆದದ್ದು. ರೈ ಧಾನ್ಯಕ್ಕೆ ಬೀಳುವ ಬೂಷ್ಟಿನ ವಿಷದಿಂದ ಮೈಯೆಲ್ಲ ಬೆಂಕಿ ಬಿದ್ದಂತೆ ಉರಿಯುವ ಕಾಯಿಲೆಯವರನ್ನು ಆ ಮಠದಲ್ಲಿ ನೋಡಿಕೊಳ್ಳುತ್ತಿದ್ದರು. ಗ್ರೂನೆವಾಲ್ಡ್ ಬರೆದ ಶಿಲುಬೆಯ ಕ್ರಿಸ್ತನ ಮೈಮೇಲೂ ಹುಣ್ಣುಗಳಿವೆ. ನಿನ್ನ ನೋವು ಅವನಿಗೂ ಗೊತ್ತು ಅಂತ ರೋಗಿಗೆ ಹೇಳುವ ಚಿತ್ರ ಅದು. ಮುಂದೆ ಹೇಳುವ ಸಂಶೋಧನೆಗಳಿಗೆ ಇದು ಸುಲಭವಾಗಿ ಹೊಂದುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಈಗ ಸಂಶೋಧನೆಗೆ ಬರೋಣ. ಈ ವಿಷಯದಲ್ಲಿ ಎಲ್ಲರೂ ಹೇಳುವುದು ರೋಜರ್ ಉಲ್ರಿಚ್ ಅನ್ನುವವರ 1984ರ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ಹಳೆಯ ದಾಖಲೆ ತೆಗೆದು ನೋಡಿದರು. ಅಲ್ಲಿ ಕೆಲವು ಕೋಣೆಗಳ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವಕ್ಕೆ ಬರೀ ಇಟ್ಟಿಗೆ ಗೋಡೆ. ವಯಸ್ಸು, ಗಂಡೋ ಹೆಣ್ಣೋ, ಬೀಡಿ ಸಿಗರೇಟಿನ ಚಟ, ಇಂಥವನ್ನೆಲ್ಲ ಹೊಂದಿಸಿ 23 ಜೋಡಿ ಮಾಡಿದರು. ಮರ ಕಾಣುತ್ತಿದ್ದವರು ಆಪರೇಷನ್ ಆದಮೇಲೆ ಸರಾಸರಿ 7.96 ದಿನ ಆಸ್ಪತ್ರೆಯಲ್ಲಿದ್ದರು, ಗೋಡೆ ಕಾಣುತ್ತಿದ್ದವರು 8.70 ದಿನ. ಹೆಚ್ಚುಕಡಿಮೆ ಮುಕ್ಕಾಲು ದಿನದ ವ್ಯತ್ಯಾಸ. ನೋವಿಗೆ ಕೊಡುವ ಜೋರಾದ ಔಷಧಿಯೂ ಮರ ಕಂಡವರಿಗೆ ಕಡಿಮೆ ಸಾಕಾಯಿತು.

ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ನರ್ಸ್‌ಗಳ ಟಿಪ್ಪಣಿ. 'ಅಳುತ್ತಿದ್ದಾರೆ', 'ತುಂಬಾ ಧೈರ್ಯ ಹೇಳಬೇಕಾಗುತ್ತಿದೆ' ಅಂತ ಅವರು ಕೇಸ್‌ಶೀಟಿನಲ್ಲಿ ಬರೆಯುತ್ತಿದ್ದರು. ಇಟ್ಟಿಗೆ ಗೋಡೆಯ ಕಡೆ ಒಬ್ಬ ರೋಗಿಗೆ ಸರಾಸರಿ 3.96 ಅಂಥ ಸಾಲು. ಮರದ ಕಡೆ 1.13. ಬರೆದ ನರ್ಸ್‌ಗಳಿಗೆ ಹೀಗೊಂದು ಲೆಕ್ಕ ಮುಂದೆ ಆಗುತ್ತದೆ ಅಂತ ಗೊತ್ತೇ ಇರಲಿಲ್ಲ.

ಆದರೆ ಇದು ಕಿಟಕಿಯ ಕಥೆ, ಚಿತ್ರದ್ದಲ್ಲ. ಒಟ್ಟು 46 ಜನ ಅಷ್ಟೇ. ಚಿತ್ರಕ್ಕೆ ಹತ್ತಿರದ ಪ್ರಯೋಗವನ್ನು ಉಲ್ರಿಚ್ ಮತ್ತು ಜೊತೆಯವರು ಸ್ವೀಡನ್ನಿನ ಉಪ್ಸಾಲಾದಲ್ಲಿ ಮಾಡಿ 1993ರಲ್ಲಿ ವರದಿ ಕೊಟ್ಟರು. ಹೃದಯದ ಆಪರೇಷನ್ ಆಗಿ ಐಸಿಯುನಲ್ಲಿದ್ದ 160 ಜನರಲ್ಲಿ ಕೆಲವರ ಎದುರು ನೀರು, ಮರ ಇರುವ ಚಿತ್ರ ಇಟ್ಟರು. ಕೆಲವರಿಗೆ ಅಮೂರ್ತ ಚಿತ್ರ, ಅಂದರೆ ಇಂಥದ್ದು ಅಂತ ಗುರುತು ಸಿಗದ ಬರೀ ಆಕಾರ, ಬಣ್ಣಗಳದ್ದು, ಕೆಲವರಿಗೆ ಬಿಳಿ ಹಲಗೆ, ಕೆಲವರಿಗೆ ಏನೂ ಇಲ್ಲ. ನೀರು ಮತ್ತು ಬಯಲು ಕಂಡವರ ಆತಂಕ ಕಡಿಮೆಯಾಗಿತ್ತು. ಚೂಪು ಮೂಲೆ, ಚೌಕ ಚೌಕದ ಅಮೂರ್ತ ಚಿತ್ರ ಕಂಡವರಿಗೆ ಏನೂ ಚಿತ್ರವಿಲ್ಲದವರಿಗಿಂತ ಆತಂಕ ಜಾಸ್ತಿಯಾಗಿತ್ತು. ಅಂದರೆ ತಪ್ಪು ಚಿತ್ರ ಹಾಕುವುದಕ್ಕಿಂತ ಸುಮ್ನೆ ಗೋಡೆ ಬಿಡುವುದೇ ವಾಸಿ.

ಯಾಕೆ ಹೀಗೆ? ನೋವು, ಭಯ, ಅರೆಬರೆ ನಿದ್ದೆಯಲ್ಲಿರುವವರು ಅಸ್ಪಷ್ಟವಾದದ್ದನ್ನು ಕಂಡರೆ ಅದರಲ್ಲಿ ತಮ್ಮ ಭಯವನ್ನೇ ತುಂಬಿಕೊಳ್ಳುತ್ತಾರೆ ಅನ್ನುವುದು ಒಂದು ವಿವರಣೆ. ಆರೋಗ್ಯವಾಗಿರುವ ನಮಗೆ ಮೋಡದಲ್ಲಿ ಆನೆ ಕಂಡರೆ ಅವರಿಗೆ ಬೇರೇನೋ ಕಾಣುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕಾಣುವ ಅಂಗಳದಲ್ಲಿ ಲೋಹದ ಹಕ್ಕಿಗಳ ಶಿಲ್ಪ ನಿಲ್ಲಿಸಿದ್ದರು. ಕಲಾವಿದರ ದೃಷ್ಟಿಯಲ್ಲಿ ಹಕ್ಕಿಗಳು. ರೋಗಿಗಳಲ್ಲಿ ಹಲವರಿಗೆ ಅವು ಹೆದರಿಕೆ ಹುಟ್ಟಿಸಿದವು. ಕೊನೆಗೆ ತೆಗೆದರು.

ಹಾಗಂತ ಚಿತ್ರ ನೋಡಿದರೆ ಕಾಯಿಲೆ ವಾಸಿಯಾಗುತ್ತದೆ ಅನ್ನುವುದು ಸುಳ್ಳು. ಹಾಗೆ ಹೇಳಿ ದೇಣಿಗೆ ಕೇಳುವವರನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಮಾಡಿ ಒಂದು ವರದಿ ತಂದಿತು. ಕಲೆಯಿಂದ ಆರೋಗ್ಯಕ್ಕೆ ನೆರವಿದೆ ಅಂತ ಅದು ಹೇಳುತ್ತದೆ ನಿಜ. ಆದರೆ ಅದರಲ್ಲಿ ಸಂಗೀತ, ಕುಣಿತ, ನಾಟಕ, ಓದು ಎಲ್ಲ ಸೇರಿದೆ. ಗೋಡೆಗೆ ತೂಗುಹಾಕಿದ ಚಿತ್ರ ಅದರಲ್ಲೊಂದು ಚೂರು. ರೋಗಿಯೇ ಕೂತು ಚಿತ್ರ ಬರೆಯುವುದೂ ಬೇರೆ. ಅದು ಕಲಾ ಚಿಕಿತ್ಸೆ. ಆ ಹೆಸರಿಟ್ಟವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್, 1942ರಲ್ಲಿ. ಅವರಿಗೇ ಕ್ಷಯ ಬಂದು ಸ್ಯಾನಟೋರಿಯಂನಲ್ಲಿ ಮಲಗಿದ್ದಾಗ ಹೊತ್ತು ಹೋಗದೆ ಬರೆಯಲು ಶುರುಮಾಡಿದ್ದು. ನಮ್ಮ ಕೆಆರ್‌ಎಸ್ ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆಸ್ಪತ್ರೆ ಕಟ್ಟಿದ್ದೂ ಅಂಥ ಕಾಲದಲ್ಲೇ. ಕ್ಷಯಕ್ಕೆ ಸರಿಯಾದ ಔಷಧಿ ಇನ್ನೂ ಬಂದಿರಲಿಲ್ಲ. ತಿಂಗಳುಗಟ್ಟಲೆ ಮಲಗಿ ಒಳ್ಳೆ ಗಾಳಿ ಕುಡಿಯುವುದೇ ಔಷಧಿ.

ಸರಿ, ಮೈಸೂರು ಮಂಡ್ಯದ ಆಸ್ಪತ್ರೆಗೆ ಯಾವ ಚಿತ್ರ? ಇಲ್ಲಿ ವಿದೇಶದ ಪಟ್ಟಿ ತಂದು ಹಾಗೇ ಜಾರಿ ಮಾಡಿದರೆ ಎಡವುತ್ತೇವೆ.

ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಎಲ್ಲರೂ ನಿಂತು ನೋಡುವ ಚಿತ್ರ ಯಾವುದು? ಹಲ್ದಂಕರ್ ಅವರ ಜಲವರ್ಣ, ಕೈಯಲ್ಲಿ ದೀಪ ಹಿಡಿದ ಹೆಣ್ಣುಮಗಳು. ಬೆಳಕು ಬೆರಳ ಸಂದಿಯಿಂದ ಬಂದು ಮುಖಕ್ಕೆ ಹತ್ತುತ್ತದೆ. ಅದರ ಪ್ರಿಂಟ್ ಆಸ್ಪತ್ರೆಗೆ ಚೆನ್ನಾಗಿರುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಇರಬಹುದು, ದೀಪ ಮನುಷ್ಯರ ಕೈಯಲ್ಲಿದೆಯಲ್ಲ. ಆದರೆ ಕತ್ತಲಲ್ಲಿ ಒಂಟಿ ದೀಪ ಉರಿಯುವ ಚಿತ್ರ ಹಾಕಿ ನೋಡಿ! ನಮ್ಮಲ್ಲಿ ಹೆಣದ ತಲೆಯ ಹತ್ತಿರ ದೀಪ ಹಚ್ಚಿಡುತ್ತಾರೆ. ವಯಸ್ಸಾದವರಿಗೆ ಅದು ತಕ್ಷಣ ಹೊಳೆಯುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಕಾಗೆ ಬೇಡ, ಗೂಬೆ ಬೇಡ. ಹಾರ ಹಾಕಿದ ಫೋಟೋ ಬೇಡವೇ ಬೇಡ, ಅದು ಎಷ್ಟೇ ದೊಡ್ಡವರದ್ದಾಗಿರಲಿ. ಸಂಜೆ ಮುಳುಗುವ ಸೂರ್ಯನನ್ನು ಕ್ಯಾನ್ಸರ್ ವಾರ್ಡಿನಲ್ಲಿ ಹಾಕುವ ಮುಂಚೆ ಎರಡು ಸಲ ಯೋಚಿಸಬೇಕು.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಚಿತ್ರಗಳು ನಮ್ಮ ಹೆಮ್ಮೆ. 1780ರ ಪೊಳ್ಳಿಲೂರು ಯುದ್ಧವನ್ನು ಅಲ್ಲಿ ಇಡೀ ಗೋಡೆ ತುಂಬ ಬರೆದಿದ್ದಾರೆ. ಕುದುರೆ, ಫಿರಂಗಿ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಪತಿ ಬೇಯ್ಲಿ. ಎಷ್ಟು ನೋಡಿದರೂ ಮುಗಿಯುವುದಿಲ್ಲ. ಹಾಗಂತ ಮೂಳೆ ಮುರಿದವರ ವಾರ್ಡಿನಲ್ಲಿ ಕೈಕಾಲು ಕತ್ತರಿಸಿ ಬಿದ್ದ ಸಿಪಾಯಿಗಳನ್ನು ತೋರಿಸುತ್ತೀರಾ?

ಮೈಸೂರು ಶೈಲಿಯ ಚಿತ್ರಗಳಿಗೆ 2005ರಲ್ಲೇ ಈ ಊರಿನದೇ ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಸಣ್ಣ ಗೆರೆ, ತೆಳುವಾಗಿ ಉಬ್ಬಿಸಿ ಅಂಟಿಸಿದ ಚಿನ್ನದ ಹಾಳೆ, ತಂಜಾವೂರಿನಷ್ಟು ಝಗಮಗ ಇಲ್ಲ. ನನಗೆ ತುಂಬ ಇಷ್ಟ. ಆದರೆ ಹೆಚ್ಚಿನವು ದೇವರ ಚಿತ್ರ. ದೇವರ ಪಟವನ್ನು ರೋಗಿಗಳು ತಾವೇ ತರುತ್ತಾರೆ, ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಅವರವರ ದೇವರು ಅವರವರ ದಿಂಬಿಗೆ ಇರಲಿ, ಎಲ್ಲರ ಗೋಡೆಗೆ ಬೇರೆ ಏನಾದರೂ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇರುತ್ತಾರೆ, ಗೊತ್ತು. ಅದೇ ಶೈಲಿಯಲ್ಲಿ ಮರ, ಗಿಳಿ, ನವಿಲು, ಆನೆ ಬರೆಯಬಲ್ಲವರು ನಮ್ಮ ಊರಲ್ಲೇ ಇದ್ದಾರೆ. ಗಂಜೀಫಾ ಅನ್ನುವ ಹಳೆಯ ಇಸ್ಪೀಟಿನಂಥ ಆಟದ, ಚಿತ್ರ ಬರೆದ ಅಂಗೈಯಗಲದ ದುಂಡು ಎಲೆಗಳನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿದರೆ ಮಕ್ಕಳ ವಾರ್ಡಿಗೆ ಸೊಗಸು. ಕುಕ್ಕರಹಳ್ಳಿ ಕೆರೆಯ ಬೆಳಗು, ರಂಗನತಿಟ್ಟಿನ ಕೊಕ್ಕರೆ, ಮಂಡ್ಯದ ನಾಲೆ ಪಕ್ಕದ ಗದ್ದೆ, ಇವೆಲ್ಲ ಉಪ್ಸಾಲಾದವರು ಹೇಳಿದ 'ನೀರು, ಮರ, ಬಯಲು' ತಾನೇ?

ಮೈಸೂರಿನ ಚಿತ್ರಕಲಾ ಕಾಲೇಜು 'ಕಾವಾ'ದ ಹುಡುಗರು ಈ ಮಾತಿಗೆ ಮುಖ ಸಿಂಡರಿಸುತ್ತಾರೆ. ಕ್ಯಾಲೆಂಡರ್ ಚಿತ್ರ ಬರೆಯೋಕೆ ನಾವು ವರ್ಷಗಟ್ಟಲೆ ಓದಬೇಕಾ ಅಂತ. ಅವರ ಸಿಟ್ಟೂ ಸರಿಯೇ. ಕಾರಿಡಾರು, ಕ್ಯಾಂಟೀನು, ಗ್ರಂಥಾಲಯದಂಥ ನಡೆದು ಹೋಗಬಹುದಾದ ಜಾಗಗಳಲ್ಲಿ ಅವರಿಗೆ ಇಷ್ಟ ಬಂದದ್ದು ಹಾಕಲಿ. ಮಂಚದ ಎದುರು ಬೇಡ. ಗ್ರೂನೆವಾಲ್ಡ್‌ನಂಥವರು ಬಂದರೆ ಆಗ ನೋಡೋಣ.

ಇಲ್ಲೊಂದು ಕ್ಯಾಲೆಂಡರ್ ಕಥೆ ಹೇಳಬೇಕು. ಏಳನೇ ದಿನ ನಾನು ಮನೆಯಿಂದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತಂದೆ. ಕೆರೆ, ಮರದ ಮೇಲೆ ಬಿಳಿ ಹಕ್ಕಿಗಳು. ರಾತ್ರಿ ಡ್ಯೂಟಿಯ ಸಿಸ್ಟರ್ ಡ್ರಿಪ್‌ಗೆ ಅಂಟಿಸುವ ಟೇಪನ್ನೇ ನಾಲ್ಕು ತುಂಡು ಹರಿದುಕೊಟ್ಟರು. ಪೋಸ್ಟರ್ ಮೇಲೇ ಅಂಟಿಸಿದೆ. ಅಮ್ಮ ಹಕ್ಕಿ ಎಣಿಸಿ ಹನ್ನೊಂದು ಅಂದರು. ಪಕ್ಕದ ಮಂಚದಲ್ಲಿ ಮದ್ದೂರು ಕಡೆಯ ಅಜ್ಜಿ. 'ಇಲ್ಲ ಕನವ್ವ, ಹನ್ನೆಲ್ಡು. ಕೊಂಬೆ ಹಿಂದ್ಗಡೆ ಒಂದದೆ ನೋಡು' ಅಂತು. ಎರಡು ದಿನ ಅದೇ ವಾದ. ಅಮ್ಮ ಡಿಸ್ಚಾರ್ಜ್ ಆಗುವಾಗ ಹಾಳೆ ಬಿಚ್ಚಲು ಹೋದೆ. 'ಇರ್ಲಿ ಬುಡಪ್ಪ' ಅಂತು ಅಜ್ಜಿ.

ಇನ್ನು ಎತ್ತರದ ವಿಷಯ. ಗ್ಯಾಲರಿಯಲ್ಲಿ ಚಿತ್ರದ ನಡುಭಾಗ ನೆಲದಿಂದ ಹತ್ತಿರ ಹತ್ತಿರ ಐದು ಅಡಿ ಇರುವಂತೆ ಹಾಕುತ್ತಾರೆ, ನಿಂತವರ ಕಣ್ಣಿಗೆ. ಆಸ್ಪತ್ರೆಯಲ್ಲಿ ನಿಂತವರು ಕಡಿಮೆ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ಇನ್ನೂ ಒಂದಡಿ ಕೆಳಗಿರುತ್ತದೆ. ದಿಂಬಿಗೆ ಒರಗಿದವರಿಗೆ ಎದುರು ಗೋಡೆ ಕಾಣುತ್ತದೆ, ಪಕ್ಕದ ಗೋಡೆ ಕಾಣಲ್ಲ. ತಲೆಯ ಹಿಂದಿನ ಗೋಡೆಗೆ ಹಾಕಿದ ಚಿತ್ರ ನೆಂಟರಿಗೆ ಮಾತ್ರ. ಬೆನ್ನಿಗೆ ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿದವರಿಗೆ ಸೂರೇ ಗತಿ. ಸ್ಟ್ರೆಚರಿನಲ್ಲಿ ಆಪರೇಷನ್ ಥಿಯೇಟರಿಗೆ ಹೋಗುವವರಿಗೆ ಟ್ಯೂಬ್‌ಲೈಟುಗಳು ಒಂದರ ಹಿಂದೆ ಒಂದು ತಲೆಯ ಮೇಲೆ ಹಾದುಹೋಗುತ್ತವೆ. ಆ ದಾರಿಯ ಸೂರಿಗೆ ಎಲೆ, ಆಕಾಶ ಏನಾದರೂ ಬರೆದರೆ ಅದೊಂದೇ ದೊಡ್ಡ ಕೆಲಸ.

ಕಣ್ಣಿನ ಪೊರೆ ಬಂದವರಿಗೆ ಬಣ್ಣಗಳೆಲ್ಲ ಹಳದಿ ತಿರುಗಿದಂತೆ ಕಾಣುತ್ತವೆ, ನೀಲಿ ಮಂಕಾಗುತ್ತದೆ. ವಯಸ್ಸಾದವರ ವಾರ್ಡಿಗೆ ತಿಳಿನೀಲಿಯ ಮೇಲೆ ತಿಳಿಹಸಿರು ಬರೆದರೆ ಬರೆಯದಂತೆಯೇ. ಆಪರೇಷನ್ ಆದಮೇಲೆ, ಜ್ವರ ಏರಿದಾಗ, ಕೆಲವರಿಗೆ ಮನಸ್ಸು ಗಲಿಬಿಲಿಯಾಗುತ್ತದೆ. ಒತ್ತೊತ್ತಾದ ಚುಕ್ಕೆ, ಸುರುಳಿಗಳು ಅವರಿಗೆ ಹುಳ ಹರಿದಂತೆ ಕಾಣಬಹುದು. ಗಾಜಿನಲ್ಲಿ ತಮ್ಮದೇ ನೆರಳು ಕಂಡು ಯಾರೋ ನಿಂತಿದ್ದಾರೆ ಅನ್ನಬಹುದು. ಹಾಗಾಗಿ ನೆಟ್ಟ ನೋಟದ ದೊಡ್ಡ ಮುಖಗಳೂ ಬೇಡ, ಹೊಳೆಯುವ ಗಾಜೂ ಬೇಡ.

ಗಾಜು ಬೇಡ ಅನ್ನಲು ಒಡೆಯುತ್ತದೆ ಅನ್ನುವ ಕಾರಣವೂ ಇದೆ. ಆಸ್ಪತ್ರೆಗೆ ಹೋಗುವ ಚಿತ್ರಕ್ಕೆ ಮೊದಲ ಪರೀಕ್ಷೆ ಒಂದೇ, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ? ಹೈಪೋಕ್ಲೋರೈಟ್ ಅನ್ನುವ ಕ್ರಿಮಿನಾಶಕ ಹಾಕಿ ಒರೆಸಿದರೆ ಜಲವರ್ಣ ಉಳಿಯುತ್ತದಾ? ಬರೀ ಕ್ಯಾನ್ವಾಸು, ಬಟ್ಟೆ, ಒಣ ಹೂವು, ಮರಳು ಅಂಟಿಸಿದ್ದು ವಾರ್ಡಿಗೆ ಆಗಿಬರಲ್ಲ. ಅಸಲಿ ಚಿತ್ರ ಕಲಾವಿದರ ಹತ್ತಿರವೇ ಇರಲಿ. ಅದರ ಪ್ರಿಂಟ್ ತೆಗೆಸಿ ಗಟ್ಟಿ ಶೀಟಿಗೆ ಅಂಟಿಸಿ, ಹೊಳಪಿಲ್ಲದ ಲ್ಯಾಮಿನೇಷನ್ ಮಾಡಿಸಿ, ನಾಲ್ಕು ಮೂಲೆಗೂ ಸ್ಕ್ರೂ ಹಾಕಿ ಗೋಡೆಗೆ ಒತ್ತಿ ಕೂರಿಸಬೇಕು. ಮೊಳೆ ಹೊಡೆದು ತಂತಿಯಲ್ಲಿ ತೂಗುಬಿಟ್ಟರೆ ಹಿಂದೆ ಧೂಳು, ಜೇಡ, ಹಲ್ಲಿ, ಕೊನೆಗೆ ತಿಗಣೆ. ಐಸಿಯು, ಸುಟ್ಟಗಾಯದ ವಾರ್ಡು, ಕೀಮೋ ಆಗಿ ರೋಗನಿರೋಧಕ ಶಕ್ತಿ ಇಳಿದವರ ಕೋಣೆ, ಇಲ್ಲೆಲ್ಲ ಸೋಂಕು ನಿಯಂತ್ರಣ ಸಮಿತಿ ಹೇಳಿದ್ದೇ ಕೊನೆ ಮಾತು. ಆಕ್ಸಿಜನ್ ಪೈಪು, ಸ್ವಿಚ್‌ಬೋರ್ಡು, ಬೆಂಕಿ ಆರಿಸುವ ಸಿಲಿಂಡರು, ಹೊರಗೆ ಹೋಗುವ ದಾರಿಯ ಬಾಣ, ಇವನ್ನು ಮುಚ್ಚುವಂತಿಲ್ಲ.

ಒರೆಸುವುದು ಯಾರು? ಹೌಸ್‌ಕೀಪಿಂಗ್‌ನವರು. ಅವರನ್ನು ಕೇಳದೆ ಇಪ್ಪತ್ತು ಚಿತ್ರ ಹಾಕಿ ಹೋದರೆ ಅವರ ಕೆಲಸ ಇಪ್ಪತ್ತರಷ್ಟು ಹೆಚ್ಚಾಯಿತು. ಸೂಪರಿಂಟೆಂಡೆಂಟ್ ಸಹಿ ಬೇಕೇ ಬೇಕು, ಆದರೆ ಚಿತ್ರ ಗೋಡೆಯಲ್ಲಿ ಉಳಿಯುವುದೋ ಇಲ್ಲವೋ ಅನ್ನುವುದು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಮತ್ತು ಇವರ ಕೈಯಲ್ಲಿದೆ.

ಸಿಬ್ಬಂದಿಯ ಲೆಕ್ಕವೇ ಬೇರೆ. ರೋಗಿ ಐದು ದಿನ, ಹತ್ತು ದಿನ ಇದ್ದು ಹೋಗುತ್ತಾರೆ. ಅವರಿಗೆ ಒಂದೇ ಚಿತ್ರ ಸಾಕು. ಸಿಸ್ಟರ್ ಅದೇ ಗೋಡೆಯನ್ನು ಹತ್ತು ವರ್ಷ ನೋಡುತ್ತಾರೆ. ಮೂರು ತಿಂಗಳಲ್ಲಿ ಅದು ಅವರಿಗೆ ಗೋಡೆಯೇ ಆಗಿಹೋಗುತ್ತದೆ. ಚಿತ್ರ ಬದಲಾಯಿಸಬೇಕು ಅನ್ನುವುದು ಹೆಚ್ಚಾಗಿ ಅವರಿಗೋಸ್ಕರ. ಲಂಡನ್ನಿನಲ್ಲಿ ಇದಕ್ಕೆ 1959ರಲ್ಲೇ ದಾರಿ ಕಂಡುಕೊಂಡರು. ನರರೋಗಗಳ ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ನೋಡಿಕೊಳ್ಳುವ ಕೆಲಸದಲ್ಲಿದ್ದ ಶೆರಿಡನ್ ರಸೆಲ್ ಶುರುಮಾಡಿದ 'ಪೇಂಟಿಂಗ್ಸ್ ಇನ್ ಹಾಸ್ಪಿಟಲ್ಸ್' ಸಂಸ್ಥೆ ಆಸ್ಪತ್ರೆಗಳಿಗೆ ಚಿತ್ರಗಳನ್ನು ಎರವಲು ಕೊಡುತ್ತಾ ಬಂತು, ಗ್ರಂಥಾಲಯದ ಪುಸ್ತಕದ ಹಾಗೆ. ಕಾವಾ ಮತ್ತು ನಮ್ಮ ಆಸ್ಪತ್ರೆಗಳು ಕೂತು ಮಾತಾಡಿದರೆ ಇಲ್ಲೂ ಆಗದ ಕೆಲಸವಲ್ಲ. ಸಿಬ್ಬಂದಿಯೇ ಬರೆದದ್ದನ್ನೂ ಹಾಕಬಹುದು. ನಾನು ಕಂಡ ಒಬ್ಬ ಸಿಸ್ಟರ್ ರಂಗೋಲಿ ಪುಸ್ತಕವನ್ನು ಕೇಸ್‌ಶೀಟ್‌ಗಳ ಕೆಳಗೆ ಇಟ್ಟುಕೊಂಡು, ರಾತ್ರಿ ಮೂರು ಗಂಟೆಗೆ ನಿದ್ದೆ ಬರದಿರಲಿ ಅಂತ ಚುಕ್ಕಿ ಇಡುತ್ತಿದ್ದರು.

ಚಿತ್ರದಿಂದ ಇನ್ನೊಂದು ಉಪಯೋಗ ಇದೆ, ಯಾರೂ ಅಷ್ಟಾಗಿ ಹೇಳಲ್ಲ. ದಾರಿ. ದೊಡ್ಡಾಸ್ಪತ್ರೆಯಂಥ ಕಡೆ ಹಳ್ಳಿಯಿಂದ ಬಂದವರು ಚೀಟಿ ಹಿಡಿದು ಎಕ್ಸ್‌ರೇ ಎಲ್ಲಿ, ರಕ್ತ ಪರೀಕ್ಷೆ ಎಲ್ಲಿ ಅಂತ ಸುತ್ತುತ್ತಾರೆ. ಬೋರ್ಡ್ ಓದಲು ಬರದವರೂ ಇರುತ್ತಾರೆ. 'ಆನೆ ಚಿತ್ರದ ಹತ್ತಿರ ಎಡಕ್ಕೆ ಹೋಗಿ, ನವಿಲು ಬರುತ್ತೆ, ಅದೇ ಲ್ಯಾಬು' ಅಂದರೆ ಮುಗಿಯಿತು. ಹಾಗೆ ದಾರಿ ತೋರಿಸುವ ಚಿತ್ರಗಳನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಡಿ!

ದುಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಡ್ರಿಪ್ ಸ್ಟ್ಯಾಂಡ್ ಇಲ್ಲದ ಕಡೆ ಚಿತ್ರ ಯಾಕ್ರೀ ಅಂತ. ನ್ಯಾಯವಾದ ಪ್ರಶ್ನೆ. ಒಂದು ಮಂಚಕ್ಕೆ ಇಬ್ಬರು ಮಲಗಿದ್ದರೆ ಮೊದಲು ಮಂಚ ತರಲಿ, ಚಿತ್ರ ಕಾಯುತ್ತದೆ. ಆದರೆ ಗೋಡೆಗೆ ಸುಣ್ಣಬಣ್ಣ ಹೇಗೂ ಆಗುತ್ತದೆ, ಫ್ಲೆಕ್ಸ್‌ಗೂ ಪೋಸ್ಟರಿಗೂ ಹೇಗೂ ಖರ್ಚಾಗುತ್ತಿದೆ. ಆ ಖರ್ಚಲ್ಲೇ ಸ್ವಲ್ಪ ಯೋಚನೆ ಸೇರಿಸಿ ಅನ್ನುವುದಷ್ಟೇ ಇಲ್ಲಿನ ಮಾತು. ಉದ್ಘಾಟನೆ ಅಂತ ಟೇಪು, ಕತ್ತರಿ, ಹತ್ತು ಕ್ಯಾಮೆರಾ ವಾರ್ಡಿನೊಳಗೆ ತರುವುದಾದರೆ ಮಾತ್ರ ದಯವಿಟ್ಟು ಬೇಡ. ರೋಗಿಯ ಫೋಟೋ ತೆಗೆಯುವ ಮುಂಚೆ ಅವರನ್ನು ಕೇಳಬೇಕು. ಅವರು ಹೂಂ ಅಂದರೂ ಮುಖ ನೋಡಿ, ನಿಜವಾಗಿ ಅಂದರಾ ಅಂತ.

ಚಿತ್ರ ಹಾಕುವವರು ಅದಕ್ಕೂ ಮುಂಚೆ ಒಂದು ಕೆಲಸ ಮಾಡಬೇಕು. ಖಾಲಿ ಮಂಚ ಸಿಕ್ಕರೆ ಚಪ್ಪಲಿ ಬಿಟ್ಟು ಐದು ನಿಮಿಷ ಅಂಗಾತ ಮಲಗಬೇಕು. ಡಿಸ್ಚಾರ್ಜ್ ದಿನ ಅಮ್ಮ ಕುರ್ಚಿಯಲ್ಲಿ ಕೂತು ಬಿಲ್ಲಿಗೆ ಕಾಯುತ್ತಿದ್ದಾಗ ನಾನೂ ಮಲಗಿ ನೋಡಿದೆ. ಫ್ಯಾನು. ಫ್ಯಾನಿನ ಬಟ್ಟಲಿಗೆ ಕಟ್ಟಿದ ಜೇಡರ ಬಲೆ. ಸೂರಿನಲ್ಲಿ ನೀರು ಇಳಿದ ಕಲೆ, ಸ್ವಲ್ಪ ಹೊತ್ತು ನೋಡಿದರೆ ನಾಯಿಯ ಹಾಗೆ. ತಲೆ ಎತ್ತಿದರೆ ಮಾತ್ರ ಎದುರು ಗೋಡೆ, ಅದರಲ್ಲೂ ಮೇಲಿನ ಅರ್ಧ. ನಾನು ಅಂಟಿಸಿದ ಹಕ್ಕಿಗಳಲ್ಲಿ ನಾಲ್ಕು ಕಾಣುತ್ತಿದ್ದವು. ಉಳಿದವು ಮಂಚದ ಕಟಕಟೆಯ ಹಿಂದೆ. ಹಾಳೆಯನ್ನು ಒಂದಡಿ ಮೇಲಕ್ಕೆ ಅಂಟಿಸಬೇಕಿತ್ತು ಅಂದುಕೊಳ್ಳುವಷ್ಟರಲ್ಲಿ ಬಾಗಿಲಿಂದ ಸಿಸ್ಟರ್ ದನಿ ಬಂತು.

'ಯಾರ್ರೀ ಅದು ಮಲಗಿರೋದು? ಏಳಿ, ಹೊಸ ಪೇಷಂಟ್ ಬರ್ತಿದ್ದಾರೆ.'